5 ವೋಲ್ಟಿನ ಪಲ್ಸಿನಿಂದ 300 ವೋಲ್ಟಿನ ಮಾಡ್ಯುಲೇಟರ್ ನಡೆಸುವುದು ಹೇಗೆ? ಲೇಸರ್ ಲ್ಯಾಬಿನವರಿಗೆ ಹಂತ ಹಂತದ ಮಾರ್ಗದರ್ಶಿ

ಸುರತ್ಕಲ್, ಕೊಣಾಜೆ, ಮಣಿಪಾಲ ಕಡೆಯ ಲ್ಯಾಬುಗಳಲ್ಲಿ ಪ್ರಾಜೆಕ್ಟ್ ಮಾಡುವವರಿಂದ, ಲೇಸರ್ ಬೆಳಕನ್ನು ಬೇಕೆಂದಾಗ ಬಿಡುವ, ತಡೆಯುವ ಮಾಡ್ಯುಲೇಟರ್ ಎಂಬ ಸಾಧನದ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ಫಂಕ್ಷನ್ ಜನರೇಟರಿನಿಂದ 5 ವೋಲ್ಟ್ ಬರುತ್ತದೆ. ಮಾಡ್ಯುಲೇಟರಿಗೆ 200 ವೋಲ್ಟ್ ಬೇಕು, ಅದೂ ಕೆಲವೇ ನ್ಯಾನೋಸೆಕೆಂಡಿನಲ್ಲಿ ಏರಬೇಕು. ಯಾವ ಆಂಪ್ಲಿಫೈಯರ್ ತಗೊಳ್ಳಲಿ?"

ಉತ್ತರ: ಆಂಪ್ಲಿಫೈಯರ್ ಬೇಡ, ಸ್ವಿಚ್ ಸಾಕು. ತೋಡಿಗೆ ಕಟ್ಟ ಹಾಕಿ ನೀರು ನಿಲ್ಲಿಸಿದ ಮೇಲೆ ಹಲಗೆ ಎತ್ತುವವನು ನೀರನ್ನು ತಳ್ಳಬೇಕಾಗಿಲ್ಲ. ಇಲ್ಲಿಯೂ ಹಾಗೆಯೇ. 300 ವೋಲ್ಟನ್ನು ಒಂದು ಕೆಪ್ಯಾಸಿಟರಿನಲ್ಲಿ ಮೊದಲೇ ತುಂಬಿಟ್ಟು, 5 ವೋಲ್ಟಿನ ಪಲ್ಸಿಗೆ ಹಲಗೆ ಎತ್ತುವ ಕೆಲಸ ಮಾತ್ರ ಕೊಡುತ್ತೇವೆ. ಬೆಳಕನ್ನು "ಬಿಡು, ತಡೆ" ಅಂತಷ್ಟೇ ಹೇಳಬೇಕಾದ ಪ್ರಯೋಗಗಳಿಗೆ ಇದು ಸಾಕು. ಸೈನ್ ಅಲೆಯನ್ನೋ ಏರಿಳಿಯುವ ಸಿಗ್ನಲನ್ನೋ ಕಳುಹಿಸುವುದಿದ್ದರೆ ಈ ಲೇಖನ ನಿಮಗಲ್ಲ.

ಹಂತ 1: ನಿಮ್ಮ ಉಪಕರಣ ಯಾವ ಜಾತಿಯದು?

ಇದನ್ನು ನೋಡದೆ ಬಿಡಿಭಾಗ ಕೊಂಡವರೇ ಹೆಚ್ಚು.

ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರ್, ಅಂದರೆ ಹರಳಿನೊಳಗೆ ಶಬ್ದದ ಅಲೆ ಹಾಯಿಸಿ ಬೆಳಕನ್ನು ತಿರುಗಿಸುವ ಸಾಧನ, ನಿಮ್ಮದಾಗಿದ್ದರೆ ಪಲ್ಸಿನ ವೋಲ್ಟೇಜ್ ಏರಿಸುವ ಮಾತೇ ಇಲ್ಲ. ಅದಕ್ಕೆ ಬೇಕಾದ್ದು 80 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆ. ಪಲ್ಸ್ ಆ ಅಲೆಯ ಸ್ವಿಚ್ಚನ್ನು ನಡೆಸಿದರೆ ಮುಗಿಯಿತು.

ಫೈಬರಿಗೆ ಜೋಡಿಸಿದ ಎಲೆಕ್ಟ್ರೋ-ಆಪ್ಟಿಕ್ (ವೋಲ್ಟೇಜಿನಿಂದಲೇ ಬೆಳಕನ್ನು ಬದಲಿಸುವ) ಮಾಡ್ಯುಲೇಟರಿಗೆ ಸಾಮಾನ್ಯವಾಗಿ 3ರಿಂದ 6 ವೋಲ್ಟ್ ಸಾಕು. ಅದಕ್ಕೆ 50 ಓಮಿನ ಅಗಲ ಪಟ್ಟಿಯ ರೇಡಿಯೋ ಆಂಪ್ಲಿಫೈಯರ್ ಹಾಕುತ್ತಾರೆ. ಒಂದು ಎಚ್ಚರಿಕೆ: ಇಂಥ ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು ಡಿಸಿಯನ್ನು ದಾಟಿಸುವುದಿಲ್ಲ. ಕೆಳಮಿತಿ 100 ಕಿಲೋಹರ್ಟ್ಸ್ ಇದ್ದರೆ 10 ಮೈಕ್ರೋಸೆಕೆಂಡಿನ ಚೌಕ ಪಲ್ಸ್ ಆಚೆ ಬರುವಾಗ ಜಾರುಬಂಡೆಯಂತೆ ಇಳಿದಿರುತ್ತದೆ.

ಉಳಿದದ್ದು ತೆರೆದ ಕಿರಣ ಹಾದುಹೋಗುವ ಹರಳಿನ ಮಾಡ್ಯುಲೇಟರ್. ವೋಲ್ಟೇಜ್ ಕೊಟ್ಟಾಗ ಹರಳು ಬೆಳಕಿನ ಧ್ರುವೀಕರಣವನ್ನು, ಅಂದರೆ ಬೆಳಕಿನ ಅಲೆ ಅದುರುವ ದಿಕ್ಕನ್ನು ಬದಲಿಸುತ್ತದೆ. ಒಂದೇ ದಿಕ್ಕಿನಲ್ಲಿ ಅದುರುವ ಬೆಳಕನ್ನು ಮಾತ್ರ ಬಿಡುವ ಎರಡು ಪೋಲರೈಸರುಗಳ ನಡುವೆ ಇಟ್ಟರೆ ಅದೇ ಬೆಳಕಿನ ಬಾಗಿಲು. ಪೂರ್ತಿ ಕತ್ತಲೆಯಿಂದ ಪೂರ್ತಿ ಬೆಳಕಿಗೆ ಬೇಕಾಗುವ ವೋಲ್ಟೇಜಿಗೆ ಅರ್ಧತರಂಗ ವೋಲ್ಟೇಜ್ ಎನ್ನುತ್ತಾರೆ. ಲಿಥಿಯಂ ನಯೋಬೇಟ್ ಹರಳಿಗೆ ಅಡ್ಡಲಾಗಿ ವೋಲ್ಟೇಜ್ ಕೊಡುವ ಮಾದರಿಗಳಲ್ಲಿ ಇದು 633 ನ್ಯಾನೋಮೀಟರಿನಲ್ಲಿ 200 ವೋಲ್ಟಿನ ಸುತ್ತಮುತ್ತ. ಅಲೆಯುದ್ದ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು ಬೇಕು: ಅದೇ ಹರಳಿಗೆ 1064 ನ್ಯಾನೋಮೀಟರಿನಲ್ಲಿ ಸುಮಾರು 340 ವೋಲ್ಟ್. ಬೆಳಕು ಹೋಗುವ ದಿಕ್ಕಿನಲ್ಲೇ ವೋಲ್ಟೇಜ್ ಕೊಡುವ ಡ್ಯೂಟೀರಿಯಂ ಕೆಡಿಪಿ ಹರಳಿನ ಪಾಕೆಲ್ಸ್ ಕೋಶಕ್ಕಾದರೆ (ಇದೂ ಇಂಥದೇ ಬೆಳಕಿನ ಬಾಗಿಲು) 633ರಲ್ಲೇ ಸುಮಾರು 3.5 ಕಿಲೋವೋಲ್ಟ್. ಅದರ ಮಾತು ಕೊನೆಯಲ್ಲಿ.

ಈ ಲೇಖನದ ಸರ್ಕ್ಯೂಟು 350 ವೋಲ್ಟಿನವರೆಗಿನ ಲಿಥಿಯಂ ನಯೋಬೇಟ್ ಮಾದರಿಗೆ. ಪಲ್ಸಿನ ಅಗಲ 100 ನ್ಯಾನೋಸೆಕೆಂಡಿನಿಂದ 10 ಮೈಕ್ರೋಸೆಕೆಂಡು. 1 ಮೈಕ್ರೋಸೆಕೆಂಡಿನ ಪಲ್ಸಾದರೆ ಸೆಕೆಂಡಿಗೆ 10 ಸಾವಿರ, 10 ಮೈಕ್ರೋಸೆಕೆಂಡಿನದಾದರೆ ಸಾವಿರ. ಎರಡರಲ್ಲೂ ಒಟ್ಟು ಸಮಯದ ಶೇ. 1ರಷ್ಟು ಮಾತ್ರ ಸ್ವಿಚ್ ತೆರೆದಿರುತ್ತದೆ, ಅಂದರೆ ಕರೆಂಟ್ ಹರಿಯಬಿಡುತ್ತದೆ. ಈ ಶೇ. 1 ನೆನಪಿರಲಿ.

ಹಂತ 2: ಕಾಗದದ ಮೇಲೆ ಎರಡು ಲೆಕ್ಕ

ಹರಳು ವಿದ್ಯುತ್ತಿನ ಕಣ್ಣಿಗೆ ಬರೀ ಒಂದು ಪುಟ್ಟ ಕೆಪ್ಯಾಸಿಟರ್, 14ರಿಂದ 20 ಪಿಕೋಫ್ಯಾರಡ್. ಕೆಪ್ಯಾಸಿಟರ್ ತುಂಬಲು ಬೇಕಾಗುವ ಕರೆಂಟ್ = ಕೆಪ್ಯಾಸಿಟೆನ್ಸ್ × ವೋಲ್ಟೇಜ್ ÷ ಸಮಯ. ಹರಳು 20, ಸುತ್ತಲಿನ ತಂತಿ ಮತ್ತು ಬೋರ್ಡ್ 20, ಒಟ್ಟು 40 ಪಿಕೋಫ್ಯಾರಡ್ ಅಂತಿಟ್ಟುಕೊಳ್ಳಿ. 300 ವೋಲ್ಟನ್ನು 10 ನ್ಯಾನೋಸೆಕೆಂಡಿನಲ್ಲಿ ಏರಿಸಲು 1.2 ಆಂಪಿಯರ್ ಬೇಕು.

ಈಗ ಆರ್‌ಜಿ-58 ಕೇಬಲ್ (ಲ್ಯಾಬುಗಳಲ್ಲಿ ಬಳಸುವ ಮಾಮೂಲು 50 ಓಮಿನ ಕೋಆಕ್ಸಿಯಲ್ ಕೇಬಲ್) ಒಂದು ಮೀಟರ್ ಸೇರಿಸಿ ನೋಡಿ. ಅದೊಂದೇ 100 ಪಿಕೋಫ್ಯಾರಡ್, ಅಂದರೆ ಹರಳಿನ ಐದು ಪಟ್ಟು. ಕರೆಂಟ್ 4.2 ಆಂಪಿಯರಿಗೆ ಹಾರುತ್ತದೆ. ನೀವು ಕಷ್ಟಪಟ್ಟು ನಡೆಸುತ್ತಿರುವುದು ಹರಳನ್ನಲ್ಲ, ಕೇಬಲನ್ನು! ಆದ್ದರಿಂದ ಸರ್ಕ್ಯೂಟ್ ಇರಬೇಕಾದ್ದು ಕಪಾಟಿನ ಮೇಲಲ್ಲ, ಆಪ್ಟಿಕಲ್ ಟೇಬಲಿನ ಮೇಲೆ ಮಾಡ್ಯುಲೇಟರಿನ ಮಗ್ಗುಲಲ್ಲೇ. ಉದ್ದದ ಕೇಬಲ್ ಬೇಕಿದ್ದರೆ ಅದು 5 ವೋಲ್ಟಿನ ಕಡೆ ಇರಲಿ.

ಎರಡನೆಯ ಲೆಕ್ಕ ತಂತಿಯ ಉದ್ದದ್ದು. ಒಂದು ಸೆಂಟಿಮೀಟರ್ ತಂತಿಗೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟೆನ್ಸ್, ಅಂದರೆ ಕರೆಂಟ್ ದಿಢೀರನೆ ಬದಲಾಗುವುದನ್ನು ತಡೆಯುವ ಜಡತ್ವ. ನಮ್ಮ ಸ್ವಿಚ್ ಆಗುವ ಟ್ರಾನ್ಸಿಸ್ಟರ್ ಮಾಸ್‌ಫೆಟ್; ಅದರ ಆಜ್ಞೆಯ ಕಾಲಾದ ಗೇಟಿಗೆ 5 ನ್ಯಾನೋಸೆಕೆಂಡಿನಲ್ಲಿ 5 ಆಂಪಿಯರ್ ನುಗ್ಗಿಸುವಾಗ ಆ ಒಂದೇ ಸೆಂಟಿಮೀಟರಿನ ಮೇಲೆ 10 ವೋಲ್ಟ್ ಬೀಳುತ್ತದೆ. ಗೇಟನ್ನು ನಡೆಸುವ ಡ್ರೈವರ್ ಚಿಪ್ ಕೊಡುವುದೇ 12 ವೋಲ್ಟ್. ಉಳಿಯುವುದೇನು? ಬ್ರೆಡ್‌ಬೋರ್ಡಿನಲ್ಲಿ ಈ ಸರ್ಕ್ಯೂಟ್ ಯಾಕೆ ನಡೆಯುವುದಿಲ್ಲ ಎಂಬುದಕ್ಕೆ ಬೇರೆ ಕಾರಣ ಬೇಕಾಗಿಲ್ಲ.

ಹಂತ 3: ಬೇಕಾದ ಸಾಮಾನು

ಮಾಸ್‌ಫೆಟ್: ಐಆರ್‌ಎಫ್820 ಒಂದು (500 ವೋಲ್ಟ್, 2.5 ಆಂಪಿಯರ್). ಗೇಟ್ ತೆರೆದಾಗ ಕರೆಂಟ್ ಅದರ ಡ್ರೇನ್ ಕಾಲಿನಿಂದ ಸೋರ್ಸ್ ಕಾಲಿಗೆ ಹರಿಯುತ್ತದೆ. ಅಂಗಡಿಯಲ್ಲಿ "ಐಆರ್‌ಎಫ್840 ಇದೆ, ಇನ್ನೂ ದೊಡ್ಡದು, ಒಳ್ಳೇದು" ಅಂದರೆ ಒಪ್ಪಬೇಡಿ. 840ರ ಗೇಟ್ ತುಂಬಲು 820ರ ಎರಡೂವರೆ ಪಟ್ಟು ಚಾರ್ಜ್ ಬೇಕು, ಅದರ ಒಳಗಿನ ಕೆಪ್ಯಾಸಿಟೆನ್ಸ್ ಮೂರು ಪಟ್ಟಿಗೂ ಹೆಚ್ಚು. ವೇಗಕ್ಕೆ ಚಿಕ್ಕದೇ ಲೇಸು.

ಗೇಟ್ ಡ್ರೈವರ್: ಟಿಸಿ4420 ಒಂದು. 5 ವೋಲ್ಟಿನ ಪಲ್ಸ್ ತಗೊಂಡು ಗೇಟಿಗೆ 12 ವೋಲ್ಟನ್ನು 6 ಆಂಪಿಯರ್ ಬಲದಲ್ಲಿ ನುಗ್ಗಿಸುವ ಚಿಪ್ ಇದು. ಜನರೇಟರಿನಿಂದ ನೇರ ಗೇಟಿಗೆ ಕೊಟ್ಟರೆ ಮಾಸ್‌ಫೆಟ್ ಅರೆಬರೆ ತೆರೆದು, ಬಿಸಿಯಾಗಿ, ಸಾಯುತ್ತದೆ.

ಡ್ರೇನ್ ರೆಸಿಸ್ಟರ್: 270 ಓಮ್, 2 ವ್ಯಾಟ್, ಮೆಟಲ್ ಆಕ್ಸೈಡ್ ಫಿಲ್ಮ್, ನಾಲ್ಕು. ಸರಣಿಯಲ್ಲಿ ಜೋಡಿಸಿದರೆ 1,080 ಓಮ್. ವೈರ್‌ವೂಂಡ್ ಬೇಡ, ಅದು ಸುರುಳಿ, ಇಂಡಕ್ಟರಿನಂತೆ ವರ್ತಿಸುತ್ತದೆ. ಒಂದೇ ರೆಸಿಸ್ಟರ್ ಹಾಕದೆ ನಾಲ್ಕು ಹಾಕುವುದು ವೋಲ್ಟೇಜ್ ಹಂಚಿಕೊಳ್ಳಲಿ ಎಂದು. ಕಾಲು ವ್ಯಾಟಿನ ಸಾಮಾನ್ಯ ರೆಸಿಸ್ಟರಿನ ವೋಲ್ಟೇಜ್ ಮಿತಿಯೇ 250. ಇದನ್ನು ಮರೆಯುವವರು ಬಹಳ.

ಕೂಡಿಡುವ ಕೆಪ್ಯಾಸಿಟರುಗಳು: 1 ಮೈಕ್ರೋಫ್ಯಾರಡ್ 630 ವೋಲ್ಟ್ ಪಾಲಿಪ್ರೊಪಿಲೀನ್ ಒಂದು, 100 ನ್ಯಾನೋಫ್ಯಾರಡ್ 630 ವೋಲ್ಟ್ ಒಂದು, 10 ನ್ಯಾನೋಫ್ಯಾರಡ್ 1 ಕಿಲೋವೋಲ್ಟ್ ಸೆರಾಮಿಕ್ ಒಂದು. ದೊಡ್ಡದು ದಾಸ್ತಾನು, ಚಿಕ್ಕದು ಚುರುಕು.

ಜೋಡಣೆಯ ಕೆಪ್ಯಾಸಿಟರ್: 10 ನ್ಯಾನೋಫ್ಯಾರಡ್ 630 ವೋಲ್ಟ್ ಪಾಲಿಪ್ರೊಪಿಲೀನ್. ಇಲ್ಲಿ ಎಕ್ಸ್7ಆರ್ ಸೆರಾಮಿಕ್ ಹಾಕಬೇಡಿ, ವೋಲ್ಟೇಜ್ ಏರಿದಂತೆ ಅದರ ಕೆಪ್ಯಾಸಿಟೆನ್ಸ್ ಕುಸಿಯುತ್ತದೆ.

ಚಿಲ್ಲರೆ: 470 ಕಿಲೋ ಓಮ್ ಅರ್ಧ ವ್ಯಾಟ್ ಎರಡು, 100 ಕಿಲೋ ಓಮ್ 2 ವ್ಯಾಟ್ ಒಂದು, 10 ಕಿಲೋ ಓಮ್ ಒಂದು, 3.3 ಓಮ್ ಒಂದು, 33 ಓಮ್ ಒಂದು, 100 ಓಮ್ ಅರ್ಧ ವ್ಯಾಟ್ ಎರಡು, ಡ್ರೈವರಿಗೆ 1 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್ 25 ವೋಲ್ಟ್ ಸೆರಾಮಿಕ್, ಪರೀಕ್ಷೆಗೆ 22 ಪಿಕೋಫ್ಯಾರಡ್ 1 ಕಿಲೋವೋಲ್ಟ್ ಸೆರಾಮಿಕ್. ಎರಡೂ ಬದಿ ತಾಮ್ರವಿರುವ ಬೋರ್ಡ್, ಮುಚ್ಚಳವಿರುವ ಅಲ್ಯೂಮಿನಿಯಂ ಡಬ್ಬಿ.

300 ವೋಲ್ಟಿನ ಸಪ್ಲೈ: ಕರೆಂಟ್ ಮಿತಿ ಹಾಕಲು ಬರುವಂಥದ್ದು, 20 ಮಿಲಿಆಂಪಿಯರ್ ಸಾಕು. ಮನೆಯ 230 ವೋಲ್ಟಿಗೆ ಡಯೋಡ್ ಬ್ರಿಡ್ಜ್ ಹಾಕಿ 325 ವೋಲ್ಟ್ ಮಾಡಿಕೊಳ್ಳುವ ಯೋಚನೆ ಬಂದರೆ ಅಲ್ಲಿಗೇ ಬಿಡಿ. ಆಗ ಸರ್ಕ್ಯೂಟಿನ ಗ್ರೌಂಡೇ ಲೈನಿಗೆ ತಾಗಿರುತ್ತದೆ. ಆಪ್ಟಿಕಲ್ ಟೇಬಲ್ ಮುಟ್ಟಿದವರು ಬದುಕುವ ಖಾತ್ರಿ ಇಲ್ಲ.

ಹಂತ 4: ಜೋಡಣೆ

ಬೋರ್ಡಿನ ಒಂದು ಬದಿಯ ತಾಮ್ರವನ್ನು ಇಡಿಯಾಗಿ ಗ್ರೌಂಡಿಗೆ ಬಿಡಿ. ಟಿಸಿ4420ರ 1 ಮತ್ತು 8ನೇ ಕಾಲುಗಳಿಗೆ 12 ವೋಲ್ಟ್, 4 ಮತ್ತು 5ಕ್ಕೆ ಗ್ರೌಂಡ್, 2ಕ್ಕೆ ಪಲ್ಸ್, 6 ಮತ್ತು 7 ಔಟ್‌ಪುಟ್. ಜೋಡಿ ಕಾಲುಗಳಲ್ಲಿ ಒಂದಕ್ಕೆ ಮಾತ್ರ ಬೆಸುಗೆ ಹಾಕಿದರೆ ಚಿಪ್ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಬಲದಲ್ಲಲ್ಲ. ಅದರ ಎರಡು ಸೆರಾಮಿಕ್ ಕೆಪ್ಯಾಸಿಟರುಗಳು ಕಾಲಿನ ಬುಡಕ್ಕೇ ಅಂಟಿರಲಿ.

ಡ್ರೈವರಿನಿಂದ 3.3 ಓಮ್ ಮೂಲಕ ಮಾಸ್‌ಫೆಟ್ಟಿನ ಗೇಟಿಗೆ. ಗೇಟಿನಿಂದ ಸೋರ್ಸಿಗೆ 10 ಕಿಲೋ ಓಮ್. 12 ವೋಲ್ಟ್ ಇಲ್ಲದಾಗ ಗೇಟ್ ತೇಲಾಡದಂತೆ ಇದು ಕಾಯುತ್ತದೆ. ಮಾಸ್‌ಫೆಟ್ಟಿನ ಕಾಲುಗಳನ್ನು 5 ಮಿಲಿಮೀಟರಿಗೆ ಕತ್ತರಿಸಿ. ಸೋರ್ಸ್ ಕಾಲು ಗ್ರೌಂಡಿನ ತಾಮ್ರಕ್ಕೆ ನೇರ ಇಳಿಯಲಿ, ಡ್ರೈವರಿನ ಗ್ರೌಂಡ್ ಕಾಲುಗಳು ಅದರ ಪಕ್ಕದಲ್ಲೇ ಇರಲಿ.

ಡ್ರೇನಿನಿಂದ ನಾಲ್ಕು ರೆಸಿಸ್ಟರುಗಳ ಸರಣಿ 300 ವೋಲ್ಟಿಗೆ. ಕೂಡಿಡುವ ಮೂರು ಕೆಪ್ಯಾಸಿಟರುಗಳು 300 ವೋಲ್ಟ್ ಮತ್ತು ಗ್ರೌಂಡಿನ ನಡುವೆ. ಅವುಗಳಿಗೆ ಅಡ್ಡಲಾಗಿ 470 ಕಿಲೋ ಓಮಿನ ಎರಡು ರೆಸಿಸ್ಟರ್ ಸರಣಿಯಲ್ಲಿ. ಸಪ್ಲೈ ಆರಿಸಿದ ಮೇಲೆ ಉಳಿದ ಚಾರ್ಜನ್ನು 5 ಸೆಕೆಂಡಿನಲ್ಲಿ ಬರಿದು ಮಾಡುವುದು ಇವೇ.

ಡ್ರೇನಿನಿಂದ 10 ನ್ಯಾನೋಫ್ಯಾರಡ್ ಜೋಡಣೆಯ ಕೆಪ್ಯಾಸಿಟರ್, ಅದರಾಚೆ 33 ಓಮ್, ಅಲ್ಲಿಂದ ಮಾಡ್ಯುಲೇಟರ್. ಜೋಡಣೆಯ ಕೆಪ್ಯಾಸಿಟರಿನ ಆಚೆ ಬದಿಯಿಂದ ಗ್ರೌಂಡಿಗೆ 100 ಕಿಲೋ ಓಮ್. ಹೆಚ್ಚಿನ ಮಾಡ್ಯುಲೇಟರುಗಳಲ್ಲಿ ಹರಳಿನ ಒಂದು ಬದಿ ಲೋಹದ ಕವಚಕ್ಕೆ, ಅಂದರೆ ಗ್ರೌಂಡಿಗೆ ಸೇರಿರುತ್ತದೆ. ಅದಕ್ಕಾಗಿಯೇ ಈ ಏರ್ಪಾಟು: ಸುಮ್ಮನಿದ್ದಾಗ ಹರಳಿನ ಮೇಲೆ ಸೊನ್ನೆ, ಮಾಸ್‌ಫೆಟ್ ತೆರೆದಾಗ ಋಣ 300 ವೋಲ್ಟ್. ಋಣವೋ ಧನವೋ, ಕತ್ತಲೆಯ ಬಿಂದುವಿನಿಂದ ಹೊರಟರೆ ಬೆಳಕಿಗೆ ಎರಡೂ ಒಂದೇ. 10 ಮೈಕ್ರೋಸೆಕೆಂಡಿನ ಪಲ್ಸಿಗೆ ಕುಸಿತ ಶೇ. 1 ಮಾತ್ರ. ಆದರೆ ಅರ್ಧ ಹೊತ್ತು ತೆರೆದೇ ಇರುವ ಪಲ್ಸ್ ಕೊಟ್ಟರೆ ಇದು ಸೊನ್ನೆಯಿಂದ ಋಣ 300ರ ಬದಲು ಧನ 150ರಿಂದ ಋಣ 150ಕ್ಕೆ ಜಾರುತ್ತದೆ. ಅದು ಸರ್ಕ್ಯೂಟಿನ ದೋಷವಲ್ಲ, ಕೆಪ್ಯಾಸಿಟರ್ ಮೂಲಕ ಡಿಸಿ ದಾಟದು ಅಷ್ಟೆ.

300 ವೋಲ್ಟಿನ ತಾಮ್ರದ ಗೆರೆ ಮತ್ತು ಉಳಿದವುಗಳ ನಡುವೆ ಕಡಿಮೆಯೆಂದರೆ 3 ಮಿಲಿಮೀಟರ್ ಬಿಡಿ. ಬೆಸುಗೆ ಮುಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಬ್ರಶ್ ಹಾಕಿ ತೊಳೆಯಿರಿ, ಒಣಗಿಸಿ, ಪಾರದರ್ಶಕ ರಕ್ಷಕ ಲೇಪ ಕೊಡಿ. ಒಣ ಊರಿನವರು ಇದನ್ನು ಬಿಟ್ಟರೂ ನಡೆದೀತು. ನಮ್ಮ ಕರಾವಳಿಯಲ್ಲಿ ಬಿಡುವ ಹಾಗಿಲ್ಲ: ಬೆಸುಗೆಯ ಫ್ಲಕ್ಸ್, ಉಪ್ಪಿನ ಗಾಳಿ, ಜೂನ್‌ನಿಂದ ಸೆಪ್ಟೆಂಬರಿನ ತೇವ ಮೂರೂ ಸೇರಿ ಬೋರ್ಡಿನ ಮೇಲೆ ಕರೆಂಟ್ ಸೋರುವ ದಾರಿ ಮಾಡುತ್ತವೆ.

ಹಂತ 5: ಮೊದಲ ಪರೀಕ್ಷೆ, 300 ವೋಲ್ಟ್ ಇಲ್ಲದೆ

ಜನರೇಟರಿನ ಕೇಬಲ್ ಬಂದು ಸೇರುವಲ್ಲಿ 100 ಓಮಿನ ಎರಡನ್ನು ಸಮಾಂತರವಾಗಿ ಗ್ರೌಂಡಿಗೆ ಹಾಕಿ. ಅದು 50 ಓಮ್. ಕೇಬಲಿನ ತುದಿಯಿಂದ ಪಲ್ಸ್ ಹಿಂದಕ್ಕೆ ಪುಟಿಯದಂತೆ ಇದು ಹೀರಿಕೊಳ್ಳುತ್ತದೆ. ಕೇಬಲ್ ಕಳಚಿಹೋದರೂ ಇನ್‌ಪುಟ್ ಸೊನ್ನೆಯಲ್ಲೇ ಉಳಿದು ಮಾಸ್‌ಫೆಟ್ ಮುಚ್ಚಿರುತ್ತದೆ.

ಇಲ್ಲೊಂದು ಗುಂಡಿ ಇದೆ, ಬೀಳುವವರು ಬಹಳ. ಜನರೇಟರಿನ ಪರದೆಯಲ್ಲಿ 5 ವೋಲ್ಟ್ ಅಂತಿದ್ದರೂ ಸೆಟ್ಟಿಂಗ್ "ಹೈ ಝಡ್" (ತುದಿಯಲ್ಲಿ 50 ಓಮ್ ಇಲ್ಲ ಎಂಬ ಲೆಕ್ಕ) ಇದ್ದರೆ, 50 ಓಮ್ ಹಾಕಿದೊಡನೆ ನಿಜವಾಗಿ ಬರುವುದು 2.5 ವೋಲ್ಟ್. ಟಿಸಿ4420ಕ್ಕೆ "ತೆರೆ" ಅಂತ ಖಚಿತವಾಗಿ ತಿಳಿಯಲು 2.4 ಬೇಕು. ಅಂಚಿನಲ್ಲಿ ನಿಂತ ಈ ಪಲ್ಸ್ ಬೆಳಿಗ್ಗೆ ಕೆಲಸ ಮಾಡಿ ಮಧ್ಯಾಹ್ನ ಕೈಕೊಡುತ್ತದೆ. ಸೆಟ್ಟಿಂಗನ್ನು 50 ಓಮಿಗೆ ಬದಲಿಸಿ 4ರಿಂದ 5 ವೋಲ್ಟ್ ಇಡಿ.

12 ವೋಲ್ಟ್ ಕೊಟ್ಟು ಗೇಟಿನ ಅಲೆಯನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ಸೊನ್ನೆಯಿಂದ 12ಕ್ಕೆ ಚೊಕ್ಕವಾಗಿ ಏರಬೇಕು. 18 ವೋಲ್ಟ್ ದಾಟುವಷ್ಟು ಮೇಲೆ ಚಿಮ್ಮುತ್ತಿದ್ದರೆ ಮೊದಲು ತಂತಿ ಗಿಡ್ಡ ಮಾಡಿ, ಆಗಲೂ ತಗ್ಗದಿದ್ದರೆ 3.3 ಓಮನ್ನು 4.7ಕ್ಕೆ ಏರಿಸಿ.

ಹಂತ 6: ವೋಲ್ಟೇಜ್ ಏರಿಸುವುದು

ಮಾಡ್ಯುಲೇಟರ್ ಇನ್ನೂ ದೂರ ಇರಲಿ. ಅದರ ಜಾಗದಲ್ಲಿ 22 ಪಿಕೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಸಪ್ಲೈಯ ಕರೆಂಟ್ ಮಿತಿಯನ್ನು 10 ಮಿಲಿಆಂಪಿಯರಿಗೆ ಕಟ್ಟಿ. ಇದು ಯಾಕೆ ಮುಖ್ಯವೆಂದರೆ, ಮಾಸ್‌ಫೆಟ್ ತೆರೆದಿರುವಷ್ಟು ಹೊತ್ತು ನಾಲ್ಕು ರೆಸಿಸ್ಟರುಗಳಲ್ಲಿ 80 ವ್ಯಾಟಿಗೂ ಹೆಚ್ಚು ಸುಡುತ್ತಿರುತ್ತದೆ. ಶೇ. 1ರ ಪಲ್ಸಿನಲ್ಲಿ ಅದು ಸರಾಸರಿ 1 ವ್ಯಾಟಿಗೂ ಕಡಿಮೆ. ಪಲ್ಸ್ ಎಲ್ಲಾದರೂ "ತೆರೆ" ಸ್ಥಿತಿಯಲ್ಲೇ ಸಿಕ್ಕಿಬಿದ್ದರೆ, ಮಿತಿ ಇಲ್ಲದ ಸಪ್ಲೈ ಆ ರೆಸಿಸ್ಟರುಗಳನ್ನು ಹೊಗೆ ಮಾಡುತ್ತದೆ.

ಹಾಕುವ ಕ್ರಮ: ಮೊದಲು 12 ವೋಲ್ಟ್, ಆಮೇಲೆ ಪಲ್ಸ್, ಕೊನೆಗೆ ಹೈ ವೋಲ್ಟೇಜ್. ಆರಿಸುವಾಗ ಇದರ ಉಲ್ಟಾ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ನಮಗೆ ಹೊಸತಲ್ಲ. ಬಂದಾಗ ಎಲ್ಲವೂ ಒಟ್ಟಿಗೆ ಏಳಬಾರದು. ಹೈ ವೋಲ್ಟೇಜ್ ಸಪ್ಲೈಯನ್ನು ಕೈಯಿಂದ ಒತ್ತಿ ಶುರು ಮಾಡುವ ಹಾಗೆ ಇಡಿ.

30 ವೋಲ್ಟಿನಿಂದ ಶುರು ಮಾಡಿ. ಅಲೆ ಸರಿ ಕಂಡರೆ 100, ಆಮೇಲೆ 200, ಆಮೇಲೆ 300. ಪ್ರತಿ ಮೆಟ್ಟಿಲಲ್ಲೂ ಎರಡು ನಿಮಿಷ ನಿಲ್ಲಿ.

ಅಳೆಯುವುದರಲ್ಲಿ ಆಗುವ ತಪ್ಪು ಕಟ್ಟುವುದರಲ್ಲಿ ಆಗುವ ತಪ್ಪಿಗಿಂತ ಹೆಚ್ಚು. 10 ಪಟ್ಟು ಇಳಿಸುವ ಮಾಮೂಲು ಪ್ರೋಬ್ ತಾನೇ 10ರಿಂದ 15 ಪಿಕೋಫ್ಯಾರಡ್ ಭಾರ ಹೇರುತ್ತದೆ, ಹಲವು ಪ್ರೋಬುಗಳ ಮಿತಿ 300 ವೋಲ್ಟಿಗೇ ಮುಗಿಯುತ್ತದೆ. 100 ಪಟ್ಟು ಇಳಿಸುವ ಪ್ರೋಬ್ ತಗೊಳ್ಳಿ. ಅದರ ಮೊಸಳೆ ಕ್ಲಿಪ್ಪಿನ ಉದ್ದ ಗ್ರೌಂಡ್ ತಂತಿ ತೆಗೆದು ಪುಟ್ಟ ಸ್ಪ್ರಿಂಗ್ ಹಾಕಿ. ಅಲೆಯಲ್ಲಿ ಕಾಣುವ ಕಂಪನದ ಬಹುಪಾಲು ಆ ತಂತಿಯದೇ. ಸ್ಕೋಪಿನ ಬ್ಯಾಂಡ್‌ವಿಡ್ತ್ 100 ಮೆಗಾಹರ್ಟ್ಸ್ ಇದ್ದರೆ ಅದರ ಸ್ವಂತ ಏರುಸಮಯ 3.5 ನ್ಯಾನೋಸೆಕೆಂಡು, ನಮ್ಮ ಕೆಲಸಕ್ಕೆ ಸಾಕು. 20 ಮೆಗಾಹರ್ಟ್ಸ್ ಫಿಲ್ಟರ್ ಆನ್ ಆಗಿ ಉಳಿದಿದ್ದರೆ 17.5, ಆಗ ಸರ್ಕ್ಯೂಟ್ ನಿಧಾನ ಅಂತ ಸುಮ್ಮನೆ ಕೊರಗುತ್ತೀರಿ.

ಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ ಕಳಚಿ "ಫ್ಲೋಟ್" ಮಾಡುವ ಅಭ್ಯಾಸ ಯಾರಿಗಾದರೂ ಇದ್ದರೆ ದಯವಿಟ್ಟು ನಿಲ್ಲಿಸಿ. ಸ್ಕೋಪಿನ ಮೈಗೆ 300 ವೋಲ್ಟ್ ಬಂದು ಕೂರುತ್ತದೆ. ಲ್ಯಾಬಿನ ಅರ್ಥಿಂಗನ್ನೇ ಒಮ್ಮೆ ಅಳೆಸಿ ನೋಡಿ: ಮುರಕಲ್ಲಿನ ಗುಡ್ಡದ ಮೇಲಿನ ಕಟ್ಟಡಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೆಲ ಒಣಗಿ ಅರ್ಥ್ ಗುಂಡಿಯ ತಡೆ ಏರುತ್ತದೆ. ಗುಂಡಿಗೆ ನೀರು ಹೊಯ್ಯುವವರು ಯಾರು ಎಂಬುದನ್ನು ನಿರ್ವಹಣೆ ವಿಭಾಗದಲ್ಲಿ ಕೇಳಿಟ್ಟುಕೊಳ್ಳಿ.

ಸರಿಯಾಗಿ ಕಟ್ಟಿದ್ದರೆ ಪಲ್ಸಿನ ಮುಂದಿನ ಅಂಚು 10 ನ್ಯಾನೋಸೆಕೆಂಡಿನ ಆಸುಪಾಸು, ಹಿಂದಿನ ಅಂಚು ಸುಮಾರು 250. ಹಿಂದಿನದು ನಿಧಾನವೇಕೆ? ಮಾಸ್‌ಫೆಟ್ ಎಳೆಯಬಲ್ಲದು, ತಳ್ಳಲಾರದು; ಮುಚ್ಚಿದ ಮೇಲೆ 1,080 ಓಮಿನ ಮೂಲಕವೇ ಎಲ್ಲ ಮತ್ತೆ ತುಂಬಬೇಕು. ಮುಂದಿನ ಅಂಚು ಮಾತ್ರ ಮುಖ್ಯವಾದ ಪ್ರಯೋಗಗಳೇ ಹೆಚ್ಚು, ಅವರಿಗೆ ಇಷ್ಟು ಸಾಕು.

ಹಂತ 7: ಮಾಡ್ಯುಲೇಟರ್, ಬೆಳಕು

ಎಲ್ಲ ಆರಿಸಿ, 10 ಸೆಕೆಂಡು ಕಾದು, ಮಲ್ಟಿಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಮಾಡ್ಯುಲೇಟರ್ ಜೋಡಿಸಿ. ಕೇಬಲ್ 15 ಸೆಂಟಿಮೀಟರ್ ಮೀರದಿರಲಿ. ಲೇಸರನ್ನು ಕನಿಷ್ಠ ಬಲಕ್ಕೆ ಇಳಿಸಿ, ಕನ್ನಡಕ ಹಾಕಿಕೊಂಡೇ ಹೊಂದಿಸಿ.

ಪೋಲರೈಸರುಗಳನ್ನು ಒಂದಕ್ಕೊಂದು ಅಡ್ಡ ಇಟ್ಟು, ಹರಳಿನ ಅಕ್ಷ 45 ಡಿಗ್ರಿಯಲ್ಲಿರುವಂತೆ ಮಾಡಿ ಕತ್ತಲೆಯ ಬಿಂದು ಹುಡುಕಿ. ಫೋಟೋಡಯೋಡನ್ನು ಸ್ಕೋಪಿಗೆ 50 ಓಮಿನಲ್ಲಿ ಕೊನೆಗೊಳಿಸಿ. 1 ಮೆಗಾ ಓಮಿನಲ್ಲಿ ಬಿಟ್ಟರೆ ಕೇಬಲಿನ 100 ಪಿಕೋಫ್ಯಾರಡ್ ಸೇರಿ 100 ಮೈಕ್ರೋಸೆಕೆಂಡಿನ ಬಾಲ ಕಾಣುತ್ತದೆ.

ಈಗ ವೋಲ್ಟೇಜನ್ನು 20ರ ಮೆಟ್ಟಿಲಲ್ಲಿ ಏರಿಸುತ್ತ ಬೆಳಕಿನ ಪಲ್ಸಿನ ಎತ್ತರ ಬರೆದುಕೊಳ್ಳಿ. ಒಂದು ಹಂತದ ಮೇಲೆ ಎತ್ತರ ಮತ್ತೆ ಇಳಿಯತೊಡಗುತ್ತದೆ. ಶಿಖರವೇ ಅರ್ಧತರಂಗ ವೋಲ್ಟೇಜ್. ಶಿಖರದ ಬಳಿ ವೋಲ್ಟೇಜ್ ಶೇ. 10 ಕಡಿಮೆಯಾದರೂ ಬೆಳಕು ಕಳೆದುಕೊಳ್ಳುವುದು ಶೇ. 2.4 ಮಾತ್ರ. ಹಾಗಾಗಿ ಕೊನೆಯ 10 ವೋಲ್ಟಿಗಾಗಿ ಹರಳನ್ನು ಹಿಂಸಿಸಬೇಡಿ. ಕತ್ತಲೆಯ ಬದಿಗೆ ಅದೇ ಲೆಕ್ಕ ಕಟುವಾಗುತ್ತದೆ: ಪಲ್ಸ್ ಮುಗಿದ ಮೇಲೆ ಶೇ. 10 ವೋಲ್ಟೇಜ್ ಉಳಿದರೆ ಶೇ. 2.4 ಬೆಳಕು ಸೋರುತ್ತಿರುತ್ತದೆ. ಕತ್ತಲೆ ಬೇಕಾದವರು ಬಾಲದ ಮೇಲೆ ಕಣ್ಣಿಡಿ.

ಏನು ಕೆಟ್ಟರೆ ಎಲ್ಲಿ ನೋಡಬೇಕು

ಬೆಳಕಿನಲ್ಲಿ ಕಂಪನ ಇದೆ, ವೋಲ್ಟೇಜಿನಲ್ಲಿ ಇಲ್ಲ: ಇದು ಹರಳಿನದೇ. ವೋಲ್ಟೇಜ್ ಬಡಿದಾಗ ಲಿಥಿಯಂ ನಯೋಬೇಟ್ ಯಾಂತ್ರಿಕವಾಗಿಯೂ ಅದುರುತ್ತದೆ, ಬಡಿದ ಗಂಟೆಯ ಹಾಗೆ. ಸರ್ಕ್ಯೂಟ್ ಬದಲಿಸಿ ಪ್ರಯೋಜನವಿಲ್ಲ. ಪಲ್ಸಿನ ದರ ಸ್ವಲ್ಪ ಆಚೀಚೆ ಮಾಡಿ ನೋಡಿ, ಸಾಲದಿದ್ದರೆ ಆರ್‌ಟಿಪಿಯಂಥ ಕಡಿಮೆ ಅದುರುವ ಹರಳು ಬೇಕಾಗುತ್ತದೆ.

ಬೆಳಕು, ವೋಲ್ಟೇಜ್ ಎರಡರಲ್ಲೂ 90 ಮೆಗಾಹರ್ಟ್ಸ್ ಹತ್ತಿರದ ಕಂಪನ: 10 ಸೆಂಟಿಮೀಟರ್ ಬಿಡಿ ತಂತಿ ಮತ್ತು 30 ಪಿಕೋಫ್ಯಾರಡ್ ಸೇರಿದರೆ ಬರುವ ಆವೃತ್ತಿ ಅದೇ. ತಂತಿ ಗಿಡ್ಡ ಮಾಡಿ, 33 ಓಮನ್ನು 47ಕ್ಕೆ ಏರಿಸಿ.

ಕತ್ತಲೆಯ ಬಿಂದು ಗಂಟೆಗೊಮ್ಮೆ ಜಾರುತ್ತದೆ: ಎಸಿಯ ಗಾಳಿ ಹರಳಿಗೆ ನೇರ ಬೀಸುತ್ತಿದೆಯೇ ನೋಡಿ. ತಾಪ ಬದಲಾದರೆ ಹರಳೂ ಬದಲಾಗುತ್ತದೆ. ಸುತ್ತ ಒಂದು ರಟ್ಟಿನ ಗೂಡು ಮಾಡಿದರೂ ಬಹಳ ಸುಧಾರಿಸುತ್ತದೆ.

ಪಲ್ಸ್ ಇಲ್ಲದಾಗಲೂ ಸಪ್ಲೈ ಕರೆಂಟ್ ತೋರಿಸುತ್ತದೆ: ಬರಿದು ಮಾಡುವ ರೆಸಿಸ್ಟರುಗಳ ಪಾಲು 0.32 ಮಿಲಿಆಂಪಿಯರ್. ಅದು ಸಹಜ. 1 ಮಿಲಿಆಂಪಿಯರ್ ಆಗಿದ್ದರೆ ಬೋರ್ಡ್ ತೇವ ಕುಡಿದಿದೆ, ಇಲ್ಲವೇ ಮಾಸ್‌ಫೆಟ್ ಅರ್ಧ ಸತ್ತಿದೆ. ತೊಳೆದು ಒಣಗಿಸಿ ಮತ್ತೆ ಅಳೆಯಿರಿ.

ಇದಕ್ಕಿಂತ ಹೆಚ್ಚು ಬೇಕಾದರೆ

ಎರಡೂ ಅಂಚು ಚುರುಕಾಗಬೇಕಾದರೆ ರೆಸಿಸ್ಟರಿನ ಜಾಗದಲ್ಲಿ ಇನ್ನೊಂದು ಮಾಸ್‌ಫೆಟ್ ಇಟ್ಟು ಒಂದು ಎಳೆಯುವ, ಒಂದು ತಳ್ಳುವ ಜೋಡಿ ಮಾಡುತ್ತಾರೆ. ಮೇಲಿನ ಮಾಸ್‌ಫೆಟ್ಟಿನ ಡ್ರೈವರ್ 10 ನ್ಯಾನೋಸೆಕೆಂಡಿಗೆ 300 ವೋಲ್ಟ್ ಜಿಗಿಯುವ ನೆಲದ ಮೇಲೆ ನಿಂತಿರುತ್ತದೆ. ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಮಾಮೂಲು ಆಪ್ಟೋಕಪ್ಲರ್ ಇಲ್ಲಿ ತಪ್ಪು ಆಜ್ಞೆ ಕೊಟ್ಟು ಎರಡನ್ನೂ ಒಟ್ಟಿಗೆ ತೆರೆಸುತ್ತದೆ, ಎರಡೂ ಸುಡುತ್ತವೆ. ಯುಸಿಸಿ21520ಯಂಥ, ನ್ಯಾನೋಸೆಕೆಂಡಿಗೆ 100 ವೋಲ್ಟ್ ಜಿಗಿತ ತಾಳುವ ಪ್ರತ್ಯೇಕಿತ (ಇನ್‌ಪುಟ್ಟಿಗೂ ಔಟ್‌ಪುಟ್ಟಿಗೂ ನೇರ ವಿದ್ಯುತ್ ಸಂಪರ್ಕವಿಲ್ಲದ) ಡ್ರೈವರ್ ಹಾಕಿ, ಒಂದು ಮುಚ್ಚಿ ಇನ್ನೊಂದು ತೆರೆಯುವ ನಡುವೆ 20ರಿಂದ 50 ನ್ಯಾನೋಸೆಕೆಂಡು ಬಿಡುವು ಕೊಡಿ.

ಕಿಲೋವೋಲ್ಟಿನ ಪಾಕೆಲ್ಸ್ ಕೋಶಕ್ಕೆ ಮಾಸ್‌ಫೆಟ್ಟುಗಳ ಸರಣಿ, ಅವಲಾಂಚ್ ಟ್ರಾನ್ಸಿಸ್ಟರುಗಳ ಏಣಿ ಇತ್ಯಾದಿ ದಾರಿಗಳಿವೆ. ಹೈ ವೋಲ್ಟೇಜಿನಲ್ಲಿ ಕೈ ಪಳಗಿದವರು ಪಕ್ಕದಲ್ಲಿಲ್ಲದೆ ಅದಕ್ಕೆ ಇಳಿಯಬೇಡಿ. ಸಿದ್ಧ ಡ್ರೈವರ್ ಕೊಳ್ಳುವುದೇ ಸರಿ. ಕೆಡಿಪಿ ಜಾತಿಯ ಹರಳು ತೇವ ಹೀರಿ ಮಬ್ಬಾಗುತ್ತದೆ ಎಂಬುದೂ ಗಮನದಲ್ಲಿರಲಿ. ನಮ್ಮ ಹವೆಯಲ್ಲಿ ಅದರ ಮೊಹರು ಮಾಡಿದ ಕಿಟಕಿಯನ್ನು ಬಿಚ್ಚಲೇಬಾರದು.

ಮಳೆಗಾಲಕ್ಕೆ ಮುಂಚೆ ಡಬ್ಬಿಯೊಳಗೆ ಹೊಸ ಸಿಲಿಕಾ ಜೆಲ್ ಪೊಟ್ಟಣ ಇಡಿ. ಎಸಿ ಕೋಣೆಯ ತಣ್ಣನೆಯ ಡಬ್ಬಿಯನ್ನು ಹೊರಗೆ ತಂದು ಆ ಕ್ಷಣವೇ ತೆರೆಯಬೇಡಿ. ತಣ್ಣೀರು ಲೋಟದ ಹೊರಮೈ ಬೆವರುವ ಹಾಗೆ ಬೋರ್ಡ್ ಬೆವರುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇಟ್ಟು, ಹೊರಗಿನ ತಾಪಕ್ಕೆ ಬಂದ ಮೇಲೆ ತೆರೆಯಿರಿ. ಸಂಜೆ ಗುಡುಗು ಕೇಳಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.